ಬಾನೆಟ್ಟಿನ ಮೇಲೆ ಅಂಗೈ

ನಮಸ್ಕಾರ ಆಮೇಲೆ ಹೇಳು, ಸುಲಕ್ಷಾ. ಮೊದಲು
ಬಾನೆಟ್ಟಿನ ಮೇಲೆ ಅಂಗೈ ಇಡು.
ಬೆಚ್ಚಗಿದ್ದರೆ, ಮಾರುವವ ನಮಗಿಂತ ಮೊದಲೆದ್ದು
ಅದರ ಕೆಮ್ಮು ತೆಗೆಸಿಟ್ಟಿದ್ದಾನೆ ಎಂದರ್ಥ.
ಹಳೇ ಎಂಜಿನ್ನು ನಿಜ ಹೇಳುವುದು
ತಣ್ಣಗಿದ್ದಾಗ, ಮೊದಲ ಮಾತಿನಲ್ಲಿ.

ಅಷ್ಟು ಹೇಳಿ ಅವಳ ಸ್ಕೂಟಿಯ ಹಿಂದೆ ಕೂತೆ.
ಕೋಡಿಬಾಗ ದಾಟಿ ಕಾಳಿ ಸೇತುವೆಯ ಮೇಲೆ
ಅವಳು ಏನೋ ಅಂದಳು. ಅರ್ಧ ನದಿಗೆ ಬಿತ್ತು.
"...ಮೂವತ್ತು ವರ್ಷ ಬೇರೆಯವರ ನಾಡಿ ಹಿಡಿದೆ, ರುಜಾರ್‌ಬಾಬ್,
ಇನ್ನೊಂದು ಸ್ಟಿಯರಿಂಗ್ ಹಿಡಿಯುತ್ತೇನೆ."
ಹೆರಿಗೆ ವಾರ್ಡಿನ ನರ್ಸು. ಪಿಂಚಣಿಯ ಗಂಟು
ಇನ್ನೂ ಬಿಚ್ಚಿರಲಿಲ್ಲ.

ಮಾಜಾಳಿಯಲ್ಲಿ, ಗೇರುಮರದ ಕೆಳಗೆ,
ತಾಡಪತ್ರಿ ಸರಿಸಿದ ಇನಾಸ್.
ಎರಡೇ ಸೀಟು. ತಲೆಯ ಮೇಲೆ ಸೂರಿಲ್ಲ. ಕೆಂಪು.
ಪೋಳೆಯ ಗಡಿಯಾಚೆ ಪೋರ್ತುಗೀಜರಿದ್ದಾಗ
ಹಡಗಿನಲ್ಲಿ ಬಂದದ್ದಂತೆ.
'ಅಂತೆ'ಗೆ ಒಂದು ಪೈಸೆ ಕೊಡಬೇಡ,
ಆರ್‌ಸಿಯ ನಂಬರು, ಚಾಸಿಯ ನಂಬರು
ಒಂದೇ ಬಾಯಲ್ಲಿ ಮಾತಾಡಲಿ.

ಅವಳೋ ಆಗಲೇ ಕಣ್ಣಲ್ಲೇ ಕೊಂಡಾಗಿತ್ತು.
ಹಾಗೆ ನೋಡಬೇಡ ಮಾರಾಯ್ತಿ,
ಅವನು ಬೆಲೆ ಕಟ್ಟುವುದು ಕಾರಿಗಲ್ಲ, ನಿನ್ನ ಮುಖಕ್ಕೆ.

ಜೇಬಿನಿಂದ ತೆಗೆದೆ: ಇಗರ್ಜಿಯ ಒಡೆದ ಸ್ಪೀಕರಿನ ಮ್ಯಾಗ್ನೆಟ್,
ಬಣ್ಣಕ್ಕೆ ಗೀರು ಬೀಳದಂತೆ ಕಾಲುಚೀಲದೊಳಗೆ.
ಬಾಗಿಲಿಗೆ ಹಿಡಿಯಿತು. ಮುಂದಿನ ಮಡ್‌ಗಾರ್ಡಿಗೆ ಹಿಡಿಯಿತು.
ಹಿಂಚಕ್ರದ ಕಮಾನಿಗೆ ತಾಗಿಸಿದ್ದೇ
ಜಾರಿ ಕೈಗೆ ಬಿತ್ತು.
ಅಲ್ಲಿ ಕಬ್ಬಿಣವಿಲ್ಲ. ಪುಟ್ಟಿ.
ಪುಟ್ಟಿಯ ಮೇಲೆ ಬಣ್ಣ, ಬಣ್ಣದ ಮೇಲೆ
ಹೊಳೆಯುತ್ತಿರುವ ನಿನ್ನ ನಗು.

ಬಾಂಗಡೆ ಒಣಗಿಸುವ ಗಾಳಿಯೇ
ಬಾಗಿಲನ್ನೂ ತಿನ್ನುವುದು. ಕಡಲ ಪಕ್ಕ ಇಟ್ಟ ಲೋಹ
ದಿನಾ ಸ್ವಲ್ಪ ಸ್ವಲ್ಪ ಕಡಲಿನದ್ದು.
ಎಲ್ಲಿ ನಿಲ್ಲಿಸುತ್ತೀ? ಕೊಟ್ಟಿಗೆಯೋ, ಬಯಲೋ?
ವೈಪರಿನ ಮೋಟಾರು ಸುಟ್ಟರೆ ಹುಬ್ಬಳ್ಳಿಯಲ್ಲಿ ಸಿಗದು,
ಮುಂಬಯಿಯಲ್ಲೂ ಸಿಗದು, ಯಾರೋ ಸತ್ತವರ ಗ್ಯಾರೇಜಿನಲ್ಲಿ ಸಿಕ್ಕೀತು.
ಕೊಳ್ಳುವಷ್ಟೇ ದುಡ್ಡು ಇನ್ನೊಮ್ಮೆ ಬದಿಗಿಡು.
ಮೊಣಕಾಲು ಮಡಚಿ ಒಳಗೆ ಕೂರು,
ಎದ್ದು ಬರಲಾಗುತ್ತದೋ ನೋಡು.

ಕೂತಳು.
ಎದ್ದು ಬರಲಿಲ್ಲ. ಬೇಕೆಂದೇ.

ನಾನು ಗೋಣಿ ಹಾಸಿ ಕೆಳಗೆ ತೂರಿದೆ, ಟಾರ್ಚು ಹಲ್ಲಲ್ಲಿ ಕಚ್ಚಿ.
ಸ್ಕ್ರೂಡ್ರೈವರಿನಿಂದ ತಿವಿಯುತ್ತ ಹೋದೆ:
ಗಟ್ಟಿ, ಗಟ್ಟಿ, ಎಣ್ಣೆ, ಗಟ್ಟಿ,
ಆಮೇಲೆ ಡ್ರೈವರ್ ಸೀಟಿನ ಅಡಿಗೆ ಒಂದು ತೇಪೆ.
ನೀಲಿ. ಅದರ ಮೇಲೆ ತಲೆಕೆಳಗಾಗಿ ಎರಡು ಅಕ್ಷರ,
"ತಖೋ".

ಬೈತಖೋಲ ಬಂದರಿನ ಮೀನು ದರದ ಹಳೇ ಬೋರ್ಡು.
ಕತ್ತರಿಸಿದವ ನಾನು.
ಬೆಸುಗೆಯ ಸಾಲು ನನ್ನ ಕೈಬರಹದ ಹಾಗೆ
ಬಲಕ್ಕೆ ವಾಲಿದೆ. ತೊಂಬತ್ತೊಂದರ ಮಳೆಗಾಲ,
ಗ್ಯಾಸು ಮುಗಿಯುತ್ತ ಬಂದಿತ್ತು, ಗಿರಾಕಿಗೆ ಅವಸರ,
ಎರಡು ವರ್ಷ ತಡೆದರೆ ಸಾಕೆಂದು ಹಚ್ಚಿ
ಹೊಸ ನೆಲದ ಕೂಲಿ ತೆಗೆದುಕೊಂಡಿದ್ದೆ.
ಆಗ ಇದು ಬಿಳಿ. ಕ್ಯಾನ್ವಾಸಿನ ಟೋಪಿಯಿತ್ತು.
ಮೇಲಿನಿಂದ ಗುರುತು ಸಿಕ್ಕಲಿಲ್ಲ. ನನಗೆ ಕಾರುಗಳ ಪರಿಚಯ
ಯಾವಾಗಲೂ ಕೆಳಗಿನಿಂದಲೇ.

ತಿವಿದೆ. ತೇಪೆ ಕಲ್ಲಿನ ಹಾಗಿತ್ತು.
ತೇಪೆಯ ಸುತ್ತ ಕಾರು ಇರಲಿಲ್ಲ.

ಆ ಸಂದಿನಲ್ಲಿ ಅವಳ ಹಿಮ್ಮಡಿ ಕಂಡಿತು.
ಚಪ್ಪಲಿ ಕಳಚಿಟ್ಟು, ಕ್ಲಚ್ಚನ್ನು
ಒತ್ತಿ, ಬಿಟ್ಟು, ಒತ್ತಿ, ಬಿಟ್ಟು,
ಬಸುರಿಯ ಹೊಟ್ಟೆಗೆ ಕಿವಿಯಿಟ್ಟು ಎಣಿಸುವವಳ ಹಾಗೆ
ಬಾಯಿ ಮುಚ್ಚಿ ಎಣಿಸುತ್ತಿದ್ದಳು.

"ರುಜಾರ್‌ಬಾಬ್, ಹೇಗಿದೆ ಕೆಳಗೆ?"

"ಇನಾಸ್," ಅಂದೆ ಮಲಗಿದಲ್ಲಿಂದಲೇ,
"ಅರವತ್ತು ಸಾವಿರ ಇಳಿಸು. ನೆಲವೇ ಇಲ್ಲ."
"ಯಾರು ಹೇಳಿದ್ದು?"
"ಹಾಕದವನು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗೇರುಹಣ್ಣೊಂದು
ಸೀಟಿನ ಮೇಲೆ ಬಿತ್ತು.
"ಹೊಸ ನೆಲಕ್ಕೆ ಕೂಲಿ ಎಷ್ಟಾಗುತ್ತದೆ?" ಅವಳೇ ಕೇಳಿದಳು.
ಕೂಲಿ ಬಂದಾಗಿದೆ, ಸುಲಕ್ಷಾ.
ಕೆಲಸ ಬಾಕಿಯಿದೆ.