ಹನ್ನೊಂದೂವರೆ ಸುತ್ತು

ರಾತ್ರಿ ಒಂದೂವರೆ. ಚಿಂತಾಮಣಿಯ ಪಂಪ್‌ಹೌಸಿನಲ್ಲಿ
ಮೋಟಾರು ಗೊರಕೆ ಹೊಡೆಯಬಹುದು, ನಾನು ಹೊಡೆಯುವಂತಿಲ್ಲ.
ಟ್ಯಾಂಕು ತುಂಬಲು ಎರಡು ಗಂಟೆ.
ಅಷ್ಟು ಹೊತ್ತು ಮೊಬೈಲಿನೊಳಗೆ ನನ್ನದೂ ಒಂದು ಊರು.

ಏಳು ಜನ ಕುಳ್ಳರು, ಒಂದು ಗಾಡಿ, ಎರಡು ಮೇಕೆ, ಒಂದೇ ಪಿಕಾಸಿ.
ಅಷ್ಟೇ ಕೊಟ್ಟಿದ್ದರು ಮೊದಲಿಗೆ.
ಬೆಟ್ಟದ ಬುಡಕ್ಕೆ ಬೆರಳಿಟ್ಟು ಇಲ್ಲಿ ತೋಡಿ ಅಂದೆ. ತೋಡಿದರು.
ಅವರ ಹೆಸರುಗಳು ನಾಲಿಗೆಗೆ ತೊಡರುತ್ತಿದ್ದವು, ನಾನೇ ಬೇರೆ ಇಟ್ಟೆ:
ಗಂಗುಲಪ್ಪ, ಪ್ಯಾರೇಜಾನ್, ದ್ಯಾವಕ್ಕ,
ಕಲ್ಲು ಕೆತ್ತುವವನಿಗೆ ಸೊಣ್ಣಪ್ಪ.
ಗಂಗುಲಪ್ಪನಿಗೆ ಅಣಬೆ ಸೇರದು. ದ್ಯಾವಕ್ಕನಿಗೆ ಹಳದಿ ಕಲ್ಲೆಂದರೆ ಪ್ರಾಣ.
ಆಗ ಎಲ್ಲ ಗೊತ್ತಿರುತ್ತಿತ್ತು.

ಊರು ಅಂದಮೇಲೆ ಜನ ಬಂದೇ ಬರುತ್ತಾರೆ.
ಯಾರು ಸುದ್ದಿ ಮುಟ್ಟಿಸಿದರೋ, ಇಲ್ಲಿ ಹೆಂಡ ಇದೆ, ಮಂಚ ಇದೆ ಎಂದು,
ಹಿಮ ಕರಗುವ ಮೊದಲೇ ಹದಿನಾಲ್ಕು, ಸುಗ್ಗಿಗೆ ಮೂವತ್ತು,
ಕಂಕುಳಲ್ಲಿ ಕೂಸು, ಹಿಂದೆ ಕುಂಟುವ ಹೇಸರಗತ್ತೆ.
ಕೋಣೆ ಬೇಕು, ಕೋಣೆಗೆ ಬಾಗಿಲು ಬೇಕು,
ಬಾಗಿಲಿಗೆ ಬಡಗಿ ಬೇಕು, ಬಡಗಿಗೆ ನನ್ನ ಅಪ್ಪಣೆ ಬೇಕು.
ಬಂದವರಲ್ಲಿ ಆರು ಮಂದಿ ಮೀನು ಹಿಡಿಯುವವರು.
ಅಯ್ಯಾ, ಚಿಂತಾಮಣಿಯವನು ಕಟ್ಟಿದ ಊರು,
ಹೊಳೆ ಎಲ್ಲಿಂದ ತರಲಿ?

ನೂರ ಹನ್ನೆರಡಾದಾಗ ಹೆಸರಿಡುವುದು ಬಿಟ್ಟೆ.

ಮೊನ್ನೆ ಹಸಿರು ಪಿಶಾಚಿಗಳ ದಂಡು ಬಂತು.
ತಳದ ಬಾವಿಯ ಬಾಗಿಲಿಗೆ ಬೀಗ ಎಂದು ಒತ್ತಿದೆ.
ಗೆದ್ದೆವು. ಸತ್ತವರನ್ನು ಹೂತು, ಉಳಿದವರು ಕುಣಿದರು.
ಗಟ್ಟಿ ಇದ್ದವರಿಗೆ ಹೆಂಡ ಸಾಕು.
ಗಾಯವಾದವರು ಮಾತ್ರ ನೀರನ್ನೇ ಕುಡಿಯಬೇಕು, ಅದು ಆ ಆಟದ ಕಟ್ಟಳೆ.
ಕೊಡ ಹಿಡಿದು ಹೋದವರು ಬಾಗಿಲು ಮುಟ್ಟಿ ವಾಪಸು ಬಂದರಂತೆ,
ಒಂಬತ್ತು ದಿನ. ನಾನು ಎಲ್ಲೋ ಗೋಡೆ ಕಟ್ಟಿಸುತ್ತಿದ್ದೆ.
ಪಟ್ಟಿಯಲ್ಲಿ ಒಂದು ಸಾಲು ಬಂತು:
ದ್ಯಾವಕ್ಕ. ಬಾಯಾರಿ.

ನಾನು ಹದಿನೇಳು ವರ್ಷದ ವಾಲ್ವ್‌ಮನ್.
ನಮ್ಮಪ್ಪ ಕೆರೆಯ ನೀರುಗಂಟಿ.
ತೂಬು ಎತ್ತುವಾಗ ಕಟ್ಟಕಡೆಯ ಗದ್ದೆಯವನ ಹೆಸರು ಹೇಳಿ ಎತ್ತುತ್ತಿದ್ದ.
ಹೆಂಡತಿಗೆ ಹೇಳೋಣವೆಂದರೆ
ಬೊಂಬೆ ಸತ್ತರೂ ಸೂತಕವಾ ಅನ್ನುತ್ತಾಳೆ.

ಸೊಣ್ಣಪ್ಪ, ನಾನು ಹೇಳದೆಯೇ, ಬಾವಿಗೋಡೆಯ ಮೇಲೆ ಏನೋ ಕೆತ್ತಿದ.
ಬೆರಳಿಟ್ಟೆ, ಅಕ್ಷರ ಮೂಡಿತು:
‘ಇದು ಒಬ್ಬ ಹೆಂಗಸು ಮತ್ತು ಒಂದು ಕೊಡದ ಚಿತ್ರ.
ಹೆಂಗಸು ನಗುತ್ತಿದ್ದಾಳೆ.’

ಮೂರೂವರೆಗೆ ಟ್ಯಾಂಕು ತುಂಬಿ ಹೊರಚೆಲ್ಲಿತು.
ಲೂನಾ ಹತ್ತಿ ಹೊಸ ಬಡಾವಣೆಯ ಕೊನೆಗೆ ಹೋದೆ.
ಅವರ ಸರದಿ ಶುಕ್ರವಾರ, ಇವತ್ತಿನ್ನೂ ಬುಧವಾರ.
ಎಷ್ಟು ಮನೆಗಳೆದ್ದಿವೆ ಇಲ್ಲಿ! ನನಗೆ ಗೊತ್ತಿರುವುದು
ನೀಲಿ ಡ್ರಮ್ಮಿನ ಮನೆ, ನಾಯಿ ಮನೆ, ಗಾರೆ ಆಗದ ಮನೆ.
ಚೇಂಬರಿನ ಚಪ್ಪಡಿ ಸರಿಸಿ, ಕಪ್ಪೆ ಓಡಿಸಿ, ಕೀಲಿ ಹಾಕಿ ತಿರುಗಿಸಿದೆ,
ಹನ್ನೊಂದೂವರೆ ಸುತ್ತು.
ಕೊಳಾಯಿಗಳು ಮೊದಲು ಕೆಮ್ಮಿದವು.

ನೀಲಿ ಡ್ರಮ್ಮಿನ ಮನೆಯಲ್ಲಿ ದೀಪ ಹತ್ತಿತು.
ಸೆರಗು ಬಿಗಿದುಕೊಂಡು ಒಬ್ಬಾಕೆ ಕೊಡ ತಂದಳು.
ನಿಮ್ಮ ಹೆಸರೇನಮ್ಮಾ ಅಂದೆ.
ಕೊಡ ಕೆಳಗಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ,
ಯಾಕೆ, ಬಿಲ್ಲು ಕಟ್ಟಿದ್ದೀವಲ್ಲ, ಅಂದಳು.