ಷರಾ ಕಾಲಂ

ಇಪ್ಪತ್ತಮೂರು ವರ್ಷ ನನ್ನ ಹೆಸರು
ಹಾಜರಿ ಪುಸ್ತಕದ ಕಟ್ಟಕಡೆಯ ಸಾಲಿನಲ್ಲಿ,
ಮಕ್ಕಳ ಹೆಸರೆಲ್ಲ ಮುಗಿದು
ಹೆಸರುಕಾಳು ಇಷ್ಟು, ಬೆಲ್ಲ ಇಷ್ಟು ಎಂದು ಬರೆದಾದ ಮೇಲೆ:
ಸಹಾಯಕಿ, ವಾರಿಜ ಕೆ.
ಪಕ್ಕದ ಷರಾ ಕಾಲಂ ಖಾಲಿ.
ಒಮ್ಮೆ ಮಾತ್ರ, ಕುಕ್ಕರಿನ ಹಬೆಗೆ ಕೈ ಬೆಂದ ವಾರ,
ಟೀಚರು ಬರೆದಿದ್ದರು: ಬದಲಿ ಜನ ಇಲ್ಲ.

ಏಳನೆಯ ಪಾಸು ಮಾಡಿ ಬೀಡಿಯ ಎಲೆಗೆ ಕೂತವಳು.
ಇಪ್ಪತ್ತೈದಕ್ಕೊಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ,
ಅಷ್ಟು ಗಣಿತ ಉಗುರಿನ ತುದಿಯಲ್ಲೇ ಇತ್ತು.
ಐವತ್ತೊಂದಕ್ಕೆ ಹತ್ತನೆಯ ಪುಸ್ತಕ ತಂದಾಗ
ಮೈದುನ ಕೇಳಿದ,
'ಎಂತ ಅತ್ತಿಗೆ, ಇನ್ನು ಕಲೆಕ್ಟರ್ ಆಗುವುದುಂಟಾ?'
'ಆದರೆ ನಿನ್ನ ರೇಷನ್ ಕಾರ್ಡು ಮೊದಲು ನೋಡ್ತೇನೆ' ಎಂದೆ.

ಭಾನುವಾರ ಬಾಯಾರಿನಿಂದ ಉಪ್ಪಳದ ಬಸ್ಸು.
ಕಂಡಕ್ಟರ್: 'ಮದುವೆಗಾ ಅಕ್ಕ?'
'ಶಾಲೆಗೆ.'
'ಹಾಗಾದರೆ ಪಾಸು ಉಂಟಾ?'
ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ,
ಚಿಲ್ಲರೆ ಸರಿಯಾಗಿ ಎಣಿಸಿಕೊಂಡೆ.

ಬೆಂಚು ಗಿಡ್ಡ, ನಮ್ಮ ಮೊಣಕಾಲು ಉದ್ದ.
ಎಡಕ್ಕೆ ಮೀನಿನ ಅಂದುಂಞಿ, ಕೈ ಮೂರು ಸಲ ತೊಳೆದು ಬಂದವ.
ಬಲಕ್ಕೆ ಎರಡು ಅವಧಿ ಪಂಚಾಯತ್ ಮೆಂಬರಾಗಿದ್ದ ಲೂಸಿ,
ಎಷ್ಟೋ ಸರ್ಟಿಫಿಕೇಟಿಗೆ ಸಹಿ ಹಾಕಿದವಳು,
ತನ್ನದೊಂದು ಇಲ್ಲದವಳು.
ಗಣಿತಕ್ಕೆ ಅಶ್ರಫ್ ಮಾಷ್ಟ್ರು.
ನಮ್ಮ ಅಂಗನವಾಡಿಯಲ್ಲಿ ಸೀಮೆಸುಣ್ಣ ತಿನ್ನುತ್ತಿದ್ದವ ಅವನೇ,
ಬಾಯಿಗೆ ಬೆರಳು ಹಾಕಿ ತೆಗೆದವಳು ನಾನೇ.
ಈಗ ಅದೇ ಸೀಮೆಸುಣ್ಣ ಹಿಡಿದು ಹೇಳುತ್ತಾನೆ:
'ಎಕ್ಸ್ ಎಂದರೆ ಗೊತ್ತಿಲ್ಲದ್ದು, ವಾರಿಜಕ್ಕ.
ಗೊತ್ತುಂಟು ಎಂದೇ ಹಿಡಿದುಕೊಂಡು ಲೆಕ್ಕ ಮಾಡಬೇಕು.'
ಅಯ್ಯೋ ಮಗನೇ,
ನಾನು ಸಂಸಾರ ಮಾಡಿದ್ದು ಮತ್ತೆ ಹೇಗೆ!

ಪರೀಕ್ಷೆಯ ದಿನ ಕಟ್ಟು ಬಿಚ್ಚಿದರೆ ಎಲ್ಲ ಮಲಯಾಳ.
ಲೂಸಿ ಎದ್ದು ನಿಂತಳು. ನಮಗೆ ಕನ್ನಡ, ಎಂದಳು,
ಮೀಟಿಂಗಿನ ಹಳೆಯ ದನಿಯಲ್ಲಿ.
ನಲವತ್ತು ನಿಮಿಷ ಫ್ಯಾನು ನೋಡುತ್ತ ಕೂತೆವು.
ಕಲಿತದ್ದು ಒಂದೊಂದೇ ಹೊರಗೆ ಹೋಗುತ್ತಿರುವ ಹಾಗೆ ಅನಿಸಿತು,
ಬೆಲ್ಲು ಹೊಡೆಯುವ ಮೊದಲೇ ಓಡುವ ಮಕ್ಕಳಂತೆ.
ಕೊನೆಗೂ ಬಂದ ಕನ್ನಡವೋ
ಅಕ್ಷರ ನಮ್ಮದು, ಮಾತು ಆಚೆಮನೆಯದು.
ಆದರೂ ಬರೆದೆ. ಆಚೆಮನೆಯ ಮಾತು ಗೊತ್ತಿಲ್ಲದೆ
ಈ ಊರಲ್ಲಿ ಯಾರು ಬದುಕಿದ್ದಾರೆ?

ಕನ್ನಡಕ್ಕೆ ಎ, ಗಣಿತಕ್ಕೆ ಸಿ ಪ್ಲಸ್.
ಅಂದುಂಞಿಗೆ ಇಂಗ್ಲಿಷ್ ಹೋಯಿತು. ಆ ದಿನ ನನಗೆ
ಬಂಗುಡೆ ಕಮ್ಮಿಗೆ ಕೊಟ್ಟ, ಮುಖ ನೋಡಲಿಲ್ಲ.

ಟೀಚರು ನಿವೃತ್ತರಾದ ಜೂನಿನಲ್ಲಿ ಆರ್ಡರ್ ಬಂತು.
ಸಂಬಳದಲ್ಲಿ ಏರಿದ್ದು ಬಹಳವೇನಲ್ಲ,
ಒಂದು ಕನ್ನಡಕ, ಒಂದು ಚಿಟ್ಟಿಯ ಕಂತು.
ಮತ್ತೆ ಆ ಕುರ್ಚಿ.
ಅದರ ಮುರಿದ ಕಾಲಿಗೆ ಸರಿಗೆ ಬಿಗಿದವಳು ನಾನು,
ದಿನಾ ಒರೆಸಿದವಳು ನಾನು,
ಕೂತರೆ ಎಷ್ಟು ಎತ್ತರ ಎಂದು ಗೊತ್ತೇ ಇರಲಿಲ್ಲ.
ಕಿಟಕಿಯಿಂದ ರಸ್ತೆಯ ತಿರುವು ಕಾಣುತ್ತದೆ,
ತಡವಾಗಿ ಬರುವ ಮಕ್ಕಳ ತಲೆ ಕಾಣುತ್ತದೆ.

ಹತ್ತೂವರೆಗೆ ಹಾಲು ಉಕ್ಕುವ ವಾಸನೆ.
ಎದ್ದೇಬಿಟ್ಟೆ. ಸೌಟು ಹಿಡಿದ ಹೊಸ ಹುಡುಗಿ ಬೀಫಾತಿಮ,
'ನೀವು ಕೂತುಕೊಳ್ಳಿ ಟೀಚರ್.'
ಯಾರು ಬಂದರೆಂದು
ನಾನು ಬಾಗಿಲ ಕಡೆ ತಿರುಗಿ ನೋಡಿದೆ.

ಸಂಜೆ ಹಾಜರಿ ಪುಸ್ತಕ.
ಮಕ್ಕಳು ಹದಿನಾಲ್ಕು, ಹೆಸರುಕಾಳು ಇಷ್ಟು, ಬೆಲ್ಲ ಇಷ್ಟು.
ಸಹಾಯಕಿ, ಬೀಫಾತಿಮ ಪಿ.
ಪೆನ್ನು ಅಲ್ಲೇ ನಿಂತಿತು.
ಆಮೇಲೆ ಷರಾ ಕಾಲಂನಲ್ಲಿ
ಸಣ್ಣ ಅಕ್ಷರದಲ್ಲಿ ಬರೆದೆ:
ಪ್ಲಸ್ ಟು ಅರ್ಧಕ್ಕೆ ನಿಂತಿದೆ. ಭಾನುವಾರ ಬಿಡುವುಂಟು.

ಇಲ್ಲಿ ಇದನ್ನೆಲ್ಲ ಬರೆಯುವುದಾ ಎಂದು
ಸೂಪರ್‌ವೈಸರ್ ಕೇಳುತ್ತಾರೆ.
ಕೇಳಲಿ.