ಗೌಂಡಿಯ ಮಗಳು ಗಾಜು ತೊಳೆಯುತ್ತಾಳೆ

ರಾತ್ರಿ ಎರಡೂವರೆ. ಕಲಬುರಗಿಯ ದೊಡ್ಡಾಸ್ಪತ್ರೆ.
ಮಕ್ಕಳ ವಾರ್ಡಿನಿಂದ ಒಂದು ಟ್ಯೂಬು ಬಂದಿದೆ,
ಬೆನ್ನುಹುರಿಯ ನೀರು, ಅಂಬಲಿಯ ತಿಳಿಯಂತೆ ಮಬ್ಬು.
ಚೀಟಿಯ ಮೇಲೆ: ಬೇಬಿ ಆಫ್ ನಾಗಿಂದ್ರಮ್ಮ, ಒಂಬತ್ತು ದಿನ.
ಇನ್ನೂ ಹೆಸರಿಟ್ಟಿಲ್ಲ.
ನಾನು ಹುಡುಕಬೇಕಾದದ್ದೂ ಹೆಸರೇ,
ಕೂಸಿನದಲ್ಲ, ಕೂಸಿನೊಳಗೆ ಹೊಕ್ಕವರದು.

ಗಾಜಿಗೊಂದು ಹನಿ. ದೀಪದ ಮೇಲೆ ಮೂರು ಸಲ ಹಾಯಿಸಿ
ನೇರಳೆ ಸುರಿದು ಒಂದು ನಿಮಿಷ,
ಅಯೋಡಿನ್ ಸುರಿದು ಒಂದು ನಿಮಿಷ.
ಈಗ ಎಲ್ಲರೂ ಒಂದೇ,
ಓಕುಳಿಯ ಮಧ್ಯಾಹ್ನ ಗಂಜಿನಲ್ಲಿ
ಯಾವ ಮುಖ ಯಾರದೆಂದು ತಿಳಿಯದ ಹಾಗೆ.
ಹಚ್ಚಿದಾಗ ಅಲ್ಲ,
ತೊಳೆದಾಗ ಗೊತ್ತಾಗುತ್ತದೆ.

ಅಪ್ಪ ಶಹಾಬಾದಿನ ಗೌಂಡಿ, ಮೌಲಪ್ಪ.
ಬೆರಳು ಮಡಚಿ ಬಡಿದು ಗೋಡೆಯನ್ನು ಕೇಳುತ್ತಾನೆ.
“ವಾಡೇದ ಗೋಡಿ ನೋಡು, ಎರಡು ಮೊಳ ದಪ್ಪ,
ಹೊರಗ ಗಿಲಾವ ಇಲ್ಲ, ನಾಚಿಕಿನೂ ಇಲ್ಲ.
ಬಿಸಲು ಬಿದ್ದಷ್ಟೂ ಬಿಗೀತದ.
ಈಗಿನವು ಒಂದ ಪರ್ಸಿ ನಿಲ್ಲಿಸಿ
ಮ್ಯಾಲ ಗಿಲಾವ ಬಳದು ಮಹಲ್ ಅಂತಾರ.”

ಸ್ಪಿರಿಟ್ ಬಿಡುತ್ತೇನೆ, ಹನಿ ಹನಿ.
ದಪ್ಪ ಗೋಡೆಯವು ಒಣಗಿ, ಬಿಗಿದು, ಕಿಂಡಿ ಮುಚ್ಚಿ
ನೇರಳೆಯನ್ನು ಒಳಗೇ ಹಿಡಿದುಕೊಳ್ಳುತ್ತವೆ.
ತೆಳು ಗೋಡೆಯವಕ್ಕೆ ಹೊರಗೆ ಕೊಬ್ಬಿನ ಗಿಲಾವು:
ಅದು ಕರಗಿತೋ, ಬಣ್ಣ ಸೋರಿತು.
ಕೊನೆಗೆ ಹಾಕುವ ಕೆಂಪು
ಬರಿದಾದವರ ಮೈಮೇಲೆ ಮಾತ್ರ ಕಾಣುತ್ತದೆ.

ಕೈ ತುಸು ತಡೆದರೆ ಸಾಕು,
ವಾಡೆಯೂ ಬಿಳಚಿಕೊಂಡು
ಗುಲಾಬಿ ಸುಳ್ಳು ಹೇಳುತ್ತದೆ.

ಎಣ್ಣೆಯ ಹನಿ. ನೂರರ ಲೆನ್ಸು.
ಕೀವಿನ ಕಣಗಳ ನಡುವೆ ಸಣ್ಣ ಕಡ್ಡಿಗಳು,
ಗುಲಾಬಿ.
ತೊಳೆದದ್ದು ಹೆಚ್ಚಾಯಿತೇ?
ಇನ್ನೊಂದು ಗಾಜು ತೆಗೆದೆ. ಈ ಸಲ ಪಕ್ಕದಲ್ಲಿ
ನಮಗೆ ಗೊತ್ತಿರುವ ದಪ್ಪ ಗೋಡೆಯ ಗೊಂಚಲೊಂದು, ಸಾಕ್ಷಿಗೆ.
ಸಾಕ್ಷಿ ನೇರಳೆಯಾಗಿಯೇ ಉಳಿಯಿತು.
ಕಡ್ಡಿಗಳು ಮಾತು ಬದಲಿಸಲಿಲ್ಲ.

ಫೋನಿನಲ್ಲಿ ಡಾಕ್ಟರ್ ಅಮ್ರೀನ್: “ಯಾವುದು?”
“ಪರ್ಸಿ ಗೋಡೀದು, ಮೇಡಂ” ಎಂದುಬಿಟ್ಟೆ.
ಆ ಕಡೆ ಮೌನ.
“ಗ್ರಾಂ ನೆಗೆಟಿವ್, ಕಡ್ಡಿ.”
ಅವರು ಫೋನಿಡದೆಯೇ ನರ್ಸನ್ನು ಕೂಗಿದ್ದು ಕೇಳಿಸಿತು.

ಅಪ್ಪನಿಗೆ ಹೇಳಬೇಕು, ಅವನು ನಂಬಲಿಕ್ಕಿಲ್ಲ:
ಆ ಗಿಲಾವಿನ ಹೊರಗೇ ಎಷ್ಟೋ ಔಷಧಿ
ಬಾಗಿಲು ಸಿಗದೆ ನಿಂತುಬಿಡುತ್ತವೆ.
ಬಳಿದದ್ದೂ ಗೋಡೆಯೇ, ಅಪ್ಪ.

ಬೆಳಿಗ್ಗೆ ಶಹಾಬಾದ್ ಬಸ್ಸು. ಗ್ಲೌಸು ತೂತಾಗಿತ್ತು.
ಕಂಡಕ್ಟರ್ ನನ್ನ ಉಗುರು ನೋಡಿ,
“ನೇರಳಿ ಹಣ್ಣು ಇಷ್ಟ್ ಲಗೂನ ಬಂದಾವೇನ್ರಿ?”